ಎಲೆ ಅಡಿಕೆ ಈಸಿಕೊಂಡವಳು

ಅವ್ವಾ,

ನಿನ್ನ ಮಾದೇವಿ ಬರೆಯುತ್ತಿದ್ದೇನೆ. ಅಕ್ಷರ ದಪ್ಪಗೆ, ಬಿಡಿಸಿ ಬಿಡಿಸಿ ಬರೆದಿದ್ದೇನೆ, ನೀನು ಬೆರಳಿಟ್ಟು ಓದುವವಳಲ್ಲವಾ. ದಿನಾ ಆಫೀಸಿನಲ್ಲಿ ತಮಿಳಿನಲ್ಲೇ ಬರೆದು ಬರೆದು ಕನ್ನಡದ ಒತ್ತಕ್ಷರ ಕೈಗೆ ಬರುತ್ತಿಲ್ಲ. ತಪ್ಪಿದ್ದರೆ ಬೈಯಬೇಡ. ನೀನು ಹೋಗಿ ಎರಡು ವರ್ಷವಾಯಿತು. ಇಷ್ಟು ದಿನದಲ್ಲಿ ಕೂತು ನಿನಗೆ ನಾಲ್ಕು ಸಾಲು ಬರೆಯಬೇಕು ಅನ್ನಿಸಿದ್ದು ಈಗಲೇ. ಅದೂ ಪ್ರೀತಿ ಉಕ್ಕಿ ಬಂದಲ್ಲ, ತಪ್ಪು ಮಾಡಿ ಸಿಕ್ಕಿಬಿದ್ದು. ಚಿಕ್ಕವಳಿದ್ದಾಗಲೂ ಹಾಗೇ ತಾನೆ, ಏನಾದರೂ ಒಡೆದು ಹಾಕಿದ ಮೇಲೆಯೇ ನಿನ್ನ ಸೆರಗು ಹುಡುಕಿಕೊಂಡು ಬರುತ್ತಿದ್ದೆ.

ಗೌರಿ ನೆನಪಿದ್ದಾಳಾ ನಿನಗೆ? ಅದು ಅವಳ ನಿಜವಾದ ಹೆಸರಲ್ಲ. ಮಕ್ಕಳ ರಕ್ಷಣೆಯ ನಮ್ಮ ಕೆಲಸದಲ್ಲಿ ಮಗುವಿನ ಹೆಸರು, ಊರು ಹೊರಗೆ ಹೇಳಬಾರದು. ತೀರಿಕೊಂಡವರಿಗೆ ಹೇಳಬಹುದೋ ಇಲ್ಲವೋ ಅಂತ ಯಾವ ಆದೇಶದಲ್ಲೂ ಇಲ್ಲ, ಆದರೂ ಅಭ್ಯಾಸ ಬಿಡುತ್ತಿಲ್ಲ ನೋಡು. ಗೆಟ್ಟವಾಡಿ ಕಡೆ, ತಮಿಳು ಸೀಮೆಗೆ ಸೇರಿದ, ಕನ್ನಡ ಗಡಿಗೆ ಅಂಟಿಕೊಂಡ ಊರಿನ ಹುಡುಗಿ. ಅಪ್ಪ ಮೊದಲೇ ಇರಲಿಲ್ಲ, ಅವ್ವ ಕಾಯಿಲೆಯಲ್ಲಿ ಹೋದಳು. ಹದಿನಾಲ್ಕು ವರ್ಷ, ಒಂಬತ್ತನೇ ಕ್ಲಾಸು. ಅವಳನ್ನು ಎಲ್ಲಿ ಬಿಡುವುದು ಅನ್ನುವ ಫೈಲು ಈರೋಡಿನಲ್ಲಿ ನನ್ನ ಮೇಜಿಗೆ ಬಂತು. ಸರ್ಕಾರಿ ಮಕ್ಕಳ ಹೋಮಿಗೆ ಕಳಿಸುವ ಮೊದಲು ಸಂಬಂಧಿಕರ ಮನೆ ಇದೆಯಾ ಅಂತ ನೋಡುವುದು ನಮ್ಮ ನಿಯಮ. ಅಜ್ಜಿ ಇದ್ದಳು, ಸೋದರಮಾವ ಇದ್ದ. ಮನೆ ನೋಡಿ ವರದಿ ಬರೆಯಲು ಸಾಮಾನ್ಯವಾಗಿ ಕಿರಿಯರು ಹೋಗುತ್ತಾರೆ, ನನ್ನಂಥ ಹಿರಿಯ ಅಧಿಕಾರಿ ಓದಿ ಸಹಿ ಹಾಕಿದರೆ ಸಾಕು. ಆದರೆ ನಾನೇ ಹೊರಟೆ. ಯಾಕೆ ಗೊತ್ತಾ? ಜಂಬ ಅವ್ವ, ಜಂಬ. ನಮ್ಮ ಬೆಟ್ಟ, ನಮ್ಮ ಜನ, ನಮ್ಮ ಮಾತು, ಕೆಳಗಿನಿಂದ ಬಂದ ಹುಡುಗರಿಗೆ ಏನು ತಿಳಿಯುತ್ತೆ ಅಂತ.

ಆ ಮನೆಯ ಪಕ್ಕದಲ್ಲಿ ಹಸಿರು ಗುಡ್ಲು ಇತ್ತು. ಹುಡುಗಿ ದೊಡ್ಡವಳಾಗಿ ಇನ್ನೂ ಹತ್ತು ಹನ್ನೆರಡು ದಿನ, ತೆಂಗಿನ ಗರಿ ಅಂಚಿನಲ್ಲಷ್ಟೇ ಒಣಗಿತ್ತು. ಹಾಕಿದವನು ಸೋದರಮಾವನೇ, ಅವನೇ ತಾನೇ ಹಾಕಬೇಕಾದವನು. ಅದನ್ನು ಕಂಡದ್ದೇ ತಡ, ನನಗೆ ನನ್ನ ಗುಡ್ಲು ನೆನಪಾಯಿತು. ನಿನ್ನ ತಮ್ಮ, ನನ್ನ ಮಾವ, ಬೆಳಿಗ್ಗೆಯಿಂದ ಗರಿ ಹೆಣೆದದ್ದು, ಚಿಗಳಿ ಉಂಡೆ, ಹೊಸ ಲಂಗ, ನಾನೇನೋ ರಾಣಿಯ ಹಾಗೆ ಒಳಗೆ ಕೂತಿದ್ದದ್ದು. ಅದಾಗಿ ಒಂದೇ ವಾರಕ್ಕೆ ನೀನು ನನ್ನನ್ನು ಸತ್ಯಮಂಗಲದ ಹಾಸ್ಟೆಲ್ಲಿಗೆ ದಬ್ಬಿ ಬಂದೆ, ಆ ಸಿಟ್ಟು ಬೇರೆ. ಗುಡ್ಲಿನ ಮೇಲೆ ಮಾತ್ರ ನನಗೆ ಸಿಟ್ಟಿರಲಿಲ್ಲ. ವರದಿಯಲ್ಲಿ ಏನು ಬರೆದೆ ಗೊತ್ತಾ? 'ತಾಯಿಯ ತಮ್ಮನಿಗೆ ಮಗುವಿನ ಮೇಲೆ ಅಕ್ಕರೆ ಇದೆ, ವಾಡಿಕೆಯ ಜವಾಬ್ದಾರಿಯನ್ನು ತಾನೇ ಮುಂದೆ ನಿಂತು ನೆರವೇರಿಸಿದ್ದಾನೆ.' ಈರೋಡಿನ ಹುಡುಗ ಯಾರಾದರೂ ಹೋಗಿದ್ದರೆ, ಇದೇನಿದು, ಯಾಕೆ ಹಾಕಿದ್ದೀರಿ, ಹಾಕಿದವನಿಗೂ ಹುಡುಗಿಗೂ ಮುಂದೆ ಏನು ಅಂತ ಕೇಳುತ್ತಿದ್ದ. ನಾನು ಕೇಳಲಿಲ್ಲ. ಗೊತ್ತಿರುವುದನ್ನು ಯಾರು ಕೇಳುತ್ತಾರೆ?

ಹುಡುಗಿಯನ್ನು ಕೇಳಿದೆ, ಇಲ್ಲ ಅಂತಲ್ಲ. ಜಗುಲಿಯ ಮೇಲೆ, ಒಂದು ಕಡೆ ಅಜ್ಜಿ, ಕಂಬಕ್ಕೊರಗಿಕೊಂಡು ಮಾವ, ಅಂಗಳದಲ್ಲಿ ಅಕ್ಕಪಕ್ಕದವರು. "ಇಲ್ಲೇ ಇರ್ತೀಯೇನಮ್ಮಿ?" ಅಂದೆ. ಅವಳು ತಲೆ ಬಗ್ಗಿಸಿ "ಊಂ" ಅಂದಳು. ಮಗುವಿನ ಒಪ್ಪಿಗೆ ಇದೆ ಅಂತ ಬರೆದುಕೊಂಡೆ. ನೀನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಈಗ ಹೇಳಬಲ್ಲೆ. ಪಣಕಹಳ್ಳಿಯ ಬಾಲವಾಡಿಯಲ್ಲಿ ಆಯಾ ಆಗಿದ್ದಷ್ಟು ವರ್ಷವೂ ಕೈ ತೊಳೆಸುವ ನೆಪದಲ್ಲಿ ಮಗುವನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಚೊಂಬು ಬಗ್ಗಿಸುತ್ತಾ ಮೆಲ್ಲಗೆ ಕೇಳುತ್ತಿದ್ದೆಯಲ್ಲ, ರಾತ್ರಿ ಏನು ತಿಂದೆ, ಯಾರು ಹೊಡೆದರು ಅಂತ. ತರಬೇತಿಗೆ ಬರುವ ಹುಡುಗಿಯರಿಗೆ ಅದನ್ನೇ ನನ್ನ ಸ್ವಂತ ಬುದ್ಧಿ ಅನ್ನುವಂತೆ ಪಾಠ ಮಾಡುತ್ತೇನೆ ನಾನು. ಆವತ್ತು ಮಾತ್ರ ನನ್ನವರ ಮಧ್ಯೆ ಕೂತಿದ್ದೇನೆ ಅನ್ನುವ ಸುಖದಲ್ಲಿ…

ಅವಳನ್ನು ಈರೋಡಿಗೆ ಕರೆತಂದು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಿಲ್ಲಿಸಿ, ಆದೇಶ ಬಂದ ಮೇಲೆ ಮತ್ತೆ ಕರೆದುಕೊಂಡು ಹೋಗಿ ಆ ಮನೆಗೆ ಒಪ್ಪಿಸಿದವಳೂ ನಾನೇ. ಹೊರಡುವಾಗ ಅಜ್ಜಿ ತಟ್ಟೆ ತಂದಳು. ಎಲೆ, ಅಡಿಕೆ, ಒಂದು ತೆಂಗಿನಕಾಯಿ, ಎರಡು ಬಾಳೆಹಣ್ಣು. "ಎಣ್ಮಗೀನ ತಂದು ಮನೆ ತುಂಬ್ಸುದ್ರಿ, ಬರೀ ಕೈಲಿ ಕಳ್ಸಕಾದದಾ" ಅಂದಳು. ಹೋದ ಮನೆಯಲ್ಲಿ ಏನನ್ನೂ ತೆಗೆದುಕೊಳ್ಳಬಾರದು ಅಂತ ಆಫೀಸಿನ ನಿಯಮ. ಕಾಫಿಯನ್ನೂ ಬೇಡ ಅನ್ನುವವಳು ನಾನು. ಆದರೆ ಎಲೆ ಅಡಿಕೆಯನ್ನು ಯಾರಾದರೂ ಬೇಡ ಅನ್ನುತ್ತಾರಾ? ಸೆರಗೊಡ್ಡಿ ಈಸಿಕೊಂಡೆ.

ಆವತ್ತು ಸಾಯಂಕಾಲ ನಿನ್ನ ಹತ್ತಿರ ಬಂದೆನಲ್ಲ, ನೀನು ಮೊರದಲ್ಲಿ ರಾಗಿ ಕೇರುತ್ತಿದ್ದೆ. ಬ್ಯಾಗಿನಿಂದ ಕಾಯಿ ತೆಗೆದು ಇಟ್ಟೆ. ಮೊರ ನಿಂತಿತು.

"ಇದ್ಯಾರ್ ಕೊಟ್ರಮ್ಮಿ?"

ಎಲ್ಲಾ ಹೇಳಿದೆ, ಹೆಮ್ಮೆಯಿಂದಲೇ ಹೇಳಿದೆ.

"ಗುಡ್ಲು ಆಕಿದ್ನಾ ಅವ್ನು?"

"ಊಂ ಕಣವ್ವ. ಎಷ್ಟ್ ಚೆಂದಾಗ್ ಆಕಿದ್ದ ಗೊತ್ತಾ."

"ಮದ್ವೆ ಆಗದಾ ಅವ್ನಿಗೆ?"

"ಇನ್ನೂ ಇಲ್ಲ."

"ಆ ಮಗೀನ ಅಲ್ ಬುಡಬ್ಯಾಡ ಕಣಮ್ಮಿ. ನಾಳಿಕೇ ಓಗಿ ಕರ್ಕಂಬಾ."

ನಾನು ನಕ್ಕುಬಿಟ್ಟೆ. "ಅವ್ವ, ಕಾಲ ಬದ್ಲಾಗದೆ. ಈಗ ಕಾನೂನು ಅಂದ್ರೆ ಅವ್ರೇ ಎದರ್ತರೆ. ನಿಂಗೇನ್ ಗೊತ್ತು ಸುಮ್ನಿರು" ಅಂದೆ. ನೀನು ನನ್ನ ಮುಖ ನೋಡಲಿಲ್ಲ. ಮೊರ ಎತ್ತಿಕೊಂಡು, "ನಿಮ್ಮಪ್ಪನೂ ನಂಗ್ ಗುಡ್ಲು ಆಕಿದ್ದ" ಅಂದೆ. ಅಷ್ಟೇ.

ಅಪ್ಪ ನಿನ್ನ ಸೋದರಮಾವ ಅನ್ನುವುದು ನನಗೆ ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿ. ನಮ್ಮೂರಿನಲ್ಲಿ ಎಷ್ಟು ಮನೆಯಲ್ಲಿ ಹಾಗಿಲ್ಲ? ಅಪ್ಪನ ಅವ್ವನೂ ನಿನ್ನ ಅಜ್ಜಿಯೂ ಒಬ್ಬಳೇ ಅಂತ ಬಾಲ್ಯದಲ್ಲಿ ಗೆಳತಿಯರಿಗೆ ತಮಾಷೆಯಾಗಿ ಹೇಳುತ್ತಿದ್ದೆ. ಅದಕ್ಕೇ ನೀನು ಅಂದ ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಬಿಸಿ ಬಿಸಿ ಮುದ್ದೆ ಉಂಡು ಮಲಗಿದೆ.

ಆಮೇಲೆ ನಿನಗೆ ಹುಷಾರು ತಪ್ಪಿತು. ಚಾಮರಾಜನಗರದ ಆಸ್ಪತ್ರೆಯಲ್ಲಿ ಮಂಚದ ಮೇಲೆ ಮಲಗಿಕೊಂಡು, ಮೂಗಿಗೆ ನಳಿಕೆ ಹಾಕಿಸಿಕೊಂಡು, ನನ್ನ ಕೈ ಹಿಡಿದು ಕೇಳಿದ್ದು ಏನು? ನಿನ್ನ ಹಸುವಿನ ಸುದ್ದಿಯಲ್ಲ, ಮನೆಯ ಬೀಗದ ಸುದ್ದಿಯಲ್ಲ. "ಆ ಮಗೀನ ಒಂದ್ಕಿತ ಓಗ್ ನೋಡ್ಕಂಬಾ ಕಣಮ್ಮಿ." ನಾನು "ನಾಳೆ ಓಯ್ತಿನಿ ಕಣವ್ವ" ಅಂದೆ. ನೀನು ಎರಡು ಸಲ ಕೇಳಿದೆ, ಎರಡು ಸಲವೂ ನಾನು ನಾಳೆ ಅಂದೆ. ನೀನು ಹೋದೆ. ಹನ್ನೊಂದು ದಿನ ಮುಗಿಸಿ ಬೆಟ್ಟ ಇಳಿದವಳು ಫೈಲುಗಳೊಳಗೆ ಮುಖ ಹುದುಗಿಸಿಬಿಟ್ಟೆ. ಗೌರಿಯ ಮನೆಗೆ ಆಗಾಗ ಹೋಗಿ ನೋಡಬೇಕಿತ್ತು. ಫೋನ್ ಮಾಡಿದೆ. ಅಜ್ಜಿ ಎತ್ತುತ್ತಿದ್ದಳು. "ಚೆಂದಾಗವ್ಳೆ ಮೇಡಂ, ಇಸ್ಕೂಲ್ಗೆ ಓಯ್ತಾವ್ಳೆ." ಚೆನ್ನಾಗಿದ್ದಾಳೆ, ಶಾಲೆಗೆ ಹೋಗುತ್ತಿದ್ದಾಳೆ ಅಂತ ಬರೆದು ಸಹಿ ಹಾಕಿದೆ. ಒಂದು ಸಲವಾದರೂ, ಫೋನನ್ನು ಮಗುವಿನ ಕೈಗೆ ಕೊಡಿ ಅಂದೆನಾ? ಇಲ್ಲ.

ಹೋದ ತಿಂಗಳು ಅವಳ ಶಾಲೆಯ ಟೀಚರ್ ಫೋನ್ ಮಾಡಿದರು. ರಜೆ ಮುಗಿದು ಎಲ್ಲಾ ಮಕ್ಕಳೂ ಬಂದಿದ್ದಾರೆ, ಇವಳು ಬಂದಿಲ್ಲ, ಕೊರಳಲ್ಲಿ ಅರಿಶಿನದ ದಾರ ಇದೆ ಅಂತ ಹುಡುಗಿಯರು ಮಾತಾಡಿಕೊಳ್ಳುತ್ತಿದ್ದಾರೆ. ಮರುದಿನ ಬೆಳಿಗ್ಗೆ ಒಬ್ಬ ಮಹಿಳಾ ಪೊಲೀಸನ್ನು ಕರೆದುಕೊಂಡು ಜೀಪಿನಲ್ಲಿ ಹೋದೆ. ಗೌರಿ ಬಾಗಿಲ ಹತ್ತಿರ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಳು. ಸೀರೆ ಉಟ್ಟಿದ್ದಳು. ಹದಿನಾರರ ಹುಡುಗಿಗೆ ಆ ಸೀರೆ ದೊಡ್ಡದಾಗಿ, ಸೊಂಟದ ಹತ್ತಿರ ಗಂಟು ಗಂಟಾಗಿ ಸಿಕ್ಕಿಸಿಕೊಂಡಿದ್ದಳು. ನನ್ನನ್ನು ನೋಡಿದಳು, ಮತ್ತೆ ಕಾಯಿ ಬಿಡಿಸತೊಡಗಿದಳು.

ಅವನು ಕುಡುಕನಲ್ಲ, ರೌಡಿಯಲ್ಲ. ಹಾಗಿದ್ದಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು! ಮೂವತ್ತರ ಆಸುಪಾಸಿನ ರೈತ, ಜೋಳದ ಹೊಲದಿಂದ ಬಂದವನು, ನಮ್ಮನ್ನು ಕಂಡು ಟವೆಲ್ಲಿನಲ್ಲಿ ಬೆಂಚು ಒರೆಸಿದ. ಗಡಿಯಾಚೆ ಒಂದು ಗುಡಿಯಲ್ಲಿ, ಹತ್ತು ಜನರ ಮುಂದೆ ತಾಳಿ ಕಟ್ಟಿದ್ದನ್ನು ಅವನೇ ಹೇಳಿದ. ಮುಚ್ಚಿಡಲಿಲ್ಲ. ತಪ್ಪು ಅನ್ನುವುದೇ ಅವನಿಗೆ ಹೊಳೆದಿರಲಿಲ್ಲ.

"ಯಾಕ್ ಮೇಡಂ ಪೊಲೀಸ್ನೋರು? ನೀವೇ ತಾನೇ ತಂದ್ ಬುಟ್ಟಿದ್ದು?" ಅಂದ. "ನಾನ್ ಗುಡ್ಲು ಆಕಿದ್ದ ನೋಡುದ್ರಿ. ನಮ್ಮವ್ವನ್ ಕೈಲಿ ಎಲೆ ಅಡ್ಕ ಈಸ್ಕಂಡ್ರಿ. ನೀವೂ ನಮ್ ಕಡೆಯೋರೇ, ನಿಮ್ಗ್ ತಿಳೀದೆ ಇದ್ದದಾ? ಎಣ್ಣಿನ್ ಕಡೆಯೋರು ಯಾರೂ ಇಲ್ಲ ಅಂತ ಸರ್ಕಾರದೋರೇ ಬಂದು ಎಣ್ಣು ಕೊಟ್ಟೋದ್ರು ಅಂತ ಊರೆಲ್ಲಾ ಅಂದ್ರು. ವಯಸ್ಸಾಗ್ಲಿ ಅಂತ ನಾನೇ ಎರಡ್ ವರ್ಷ ಕಾದೆ."

ಗಂಡಿನ ಕಡೆಯ ಹಿರಿಯಳು ಕೊಟ್ಟ ಎಲೆ ಅಡಿಕೆಯನ್ನು ಹೆಣ್ಣು ತಂದವಳು ಈಸಿಕೊಂಡರೆ ಮಾತು ಮುಗಿಯಿತು. ಇದು ನನಗೆ ಗೊತ್ತಿಲ್ಲದ ಶಾಸ್ತ್ರವಾ? ಎಷ್ಟು ಮದುವೆಯ ಮಾತುಕತೆಯಲ್ಲಿ ನಿನ್ನ ಪಕ್ಕ ಕೂತು ನೋಡಿಲ್ಲ? ಸರ್ಕಾರದ ಅಧಿಕಾರಿಗೆ ಕೊಡುವ ಮರ್ಯಾದೆ ಅಂದುಕೊಂಡು ಹೆಣ್ಣು ಕೊಟ್ಟು ಬಂದಿದ್ದೆ ನಾನು. ಪೊಲೀಸಿನವಳಿಗೆ ಕನ್ನಡ ಬಾರದು. ಏನು ಹೇಳುತ್ತಿದ್ದಾನೆ ಮೇಡಂ ಅಂತ ತಮಿಳಿನಲ್ಲಿ ಕೇಳಿದಳು. ಆಮೇಲೆ ಹೇಳುತ್ತೇನೆ ಅಂದೆ.

ಗೌರಿಯನ್ನು ಜೀಪಿಗೆ ಹತ್ತಿಸುವಾಗ ಅಜ್ಜಿ ಬೀದಿಗೆ ಬಂದು ಎದೆ ಬಡಿದುಕೊಂಡಳು. ಬೈದಳು. ನನ್ನನ್ನಷ್ಟೇ ಅಲ್ಲ, ನಿನ್ನನ್ನೂ.

"ನೀನು ಪಣಕಳ್ಳಿ ಬಾಲವಾಡಿ ಆಯಾನ್ ಮಗಳಲ್ವಾ? ಗೊತ್ತು ಕಣೋಗು! ನಿಮ್ಮವ್ವ ಏನ್ ಕಮ್ಮಿನಾ? ಒಡುಟ್ಟಿದ್ ತಮ್ಮ ಆಸೆ ಪಟ್ಟು ನಿಂಗ್ ಗುಡ್ಲು ಆಕುದ್ರೆ, ಅವನ್ಗೆ ಕೊಡಕಿಲ್ಲ ಅಂತ ಅವನ್ ಬಾಯ್ಗ್ ಮಣ್ಣಾಕಿ, ಯಾರ್ಗೂ ಯೋಳ್ದೆ ನಿನ್ನ ಬಸ್ ಅತ್ಸಿ ಆಸ್ಟೆಲ್ಗ್ ಬುಟ್ಟು ಬಂದೋಳು. ತವರ್ ಮನೆ ಬಾಗ್ಲೇ ಮುಚ್ಚೋಯ್ತು ಅವ್ಳಿಗೆ. ಈಗ ಮಗಳು ಬಂದವ್ಳೆ, ನಮ್ಮನೆ ಆಳ್ ಮಾಡಾಕೆ!"

ಬೀದಿಯಲ್ಲಿ ನಿಂತೆ ಅವ್ವ. ಜೀಪಿನ ಬಾಗಿಲು ಹಿಡಿದುಕೊಂಡು ನಿಂತೇ ಇದ್ದೆ. ಹದಿಮೂರು ವರ್ಷಕ್ಕೆ ನನ್ನನ್ನು ಮನೆಯಿಂದ ದಬ್ಬಿದೆ, ನಿನಗೆ ನಾನು ಬೇಡವಾಗಿದ್ದೆ ಅಂತ ಜಗಳ ಬಂದಾಗಲೆಲ್ಲ ನಿನ್ನ ಮುಖಕ್ಕೆ ಎಸೆದಿದ್ದೇನೆ. ಹಾಸ್ಟೆಲ್ಲಿನ ನೀರು ಸಾರು, ತಿಗಣೆ, ಒದ್ದೆ ಚಾಪೆ, ಒಂದೊಂದನ್ನೂ ಲೆಕ್ಕ ಹೇಳಿ ಅಳಿಸಿದ್ದೇನೆ. ಮಾವ ನಮ್ಮ ಮನೆಯ ಮೆಟ್ಟಿಲು ಹತ್ತದೆ ಹೋದದ್ದು ನಿನ್ನ ಗಡಸು ಬಾಯಿಯಿಂದ ಅಂದಿದ್ದೇನೆ. ನಿನ್ನ ಹೆಣದ ಹತ್ತಿರವೂ ಅವನು ಬೇಲಿಯ ಆಚೆಯೇ ನಿಂತು ಹೋದ. ಇಷ್ಟೂ ನನಗೋಸ್ಕರ ಅಂತ ಒಂದು ಸಲ ಬಾಯಿ ಬಿಟ್ಟಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಯಾರೋ ಒಬ್ಬ ಮುದುಕಿ ಬೈಗುಳದಲ್ಲಿ ಹೇಳಬೇಕಾಯಿತಾ ಇದನ್ನು? ನಿನ್ನ ಮೇಲೆ ಸಿಟ್ಟು ಬಂತು. ಆಮೇಲೆ ಏನು ಬಂತು ಅಂತ ಬರೆಯಲು ನನಗೆ ಆಗುವುದಿಲ್ಲ.

ದಿಂಬಂ ಘಾಟಿಯ ತಿರುವುಗಳಲ್ಲಿ ಗೌರಿಗೆ ವಾಂತಿಯಾಯಿತು. ಜೀಪು ನಿಲ್ಲಿಸಿ ಅವಳ ಹಣೆಗೆ ಕೈ ಕೊಟ್ಟೆ. ಕೈ ತಳ್ಳಿದಳು. ಕೊಟ್ಟ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಬಾಟಲಿಯನ್ನು ನನ್ನ ಕೈಗೆ ಕೊಡದೆ ಕಲ್ಲಿನ ಮೇಲೆ ಇಟ್ಟಳು.

ಸಮಿತಿಯವರು ತಮಿಳಿನವರು. ಗೌರಿ ಓದಿದ್ದು ಕನ್ನಡ ಶಾಲೆಯಲ್ಲಿ, ತಮಿಳು ಅರ್ಥವಾಗುತ್ತದೆ, ಮನಸ್ಸಿನ ಮಾತು ಹೇಳುವಷ್ಟು ಬರುವುದಿಲ್ಲ. ಅವಳ ಮಾತನ್ನು ತಮಿಳಿಗೆ ಹೇಳಬಲ್ಲವರು ಆವತ್ತು ಆಫೀಸಿನಲ್ಲಿ ನಾನೊಬ್ಬಳೇ ಇದ್ದೆ. ಬೇರೆ ಯಾರನ್ನಾದರೂ ಕರೆಸಿ ಅನ್ನಬಹುದಿತ್ತು. ಅನ್ನಲಿಲ್ಲ. ಕೋಣೆಯಲ್ಲಿ ನಾಲ್ಕು ಜನ ಸದಸ್ಯರು, ಅವಳು, ನಾನು. ಮದುವೆ ನಿನಗೆ ಒಪ್ಪಿಗೆ ಇತ್ತಾ ಅಂತ ಕೇಳಿದರು. ಅವಳು ನನ್ನ ಕಡೆ ಬೆರಳು ತೋರಿಸಲೂ ಇಲ್ಲ. ನೆಲ ನೋಡುತ್ತಾ ಹೇಳಿದಳು.

"ನಂಗ್ ಓದ್ಬೇಕು ಅಂತಿತ್ತು. ಈ ಮೇಡಂ ಬಂದಾಗ ಯೋಳ್ಬೇಕು ಅಂತಿದ್ದೆ. ಅಜ್ಜಿ, ಮಾವ ಎಲ್ಲಾರ್ ಮುಂದೆ ಕೇಳುದ್ರು. ನನ್ನೊಬ್ಳನ್ನೇ ಕೇಳಿದ್ರೆ ಇಲ್ಲಿರಕಿಲ್ಲ ಅಂತಿದ್ದೆ. ಆಮೇಕೆ ಎಲೆ ಅಡ್ಕ ಈಸ್ಕಂಡ್ರು. ಸರ್ಕಾರದೋರೇ ಇಂಗ್ ಮಾಡುದ್ರೆ ಇನ್ಯಾರ್ಗ್ ಯೋಳದು ಅಂತ ಸುಮ್ಕಾದೆ."

ನಾಲ್ಕು ಜನರೂ ನನ್ನ ಕಡೆ ತಿರುಗಿದರು, ಏನಂದಳು ಅಂತ. ಒಂದು ಮಾತು ಬಿಟ್ಟಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ ಅವ್ವ. 'ಮದುವೆ ಇಷ್ಟವಿರಲಿಲ್ಲ ಅನ್ನುತ್ತಾಳೆ' ಅಂತ ಒಂದೇ ಸಾಲಿನಲ್ಲಿ ಮುಗಿಸಬಹುದಿತ್ತು. ಗೌರಿ ಆಗ ತಲೆ ಎತ್ತಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅವಳಿಗೆ ತಮಿಳು ಅರ್ಥವಾಗುತ್ತದೆ ಅಂದೆನಲ್ಲ. ಪೂರ್ತಿ ಹೇಳಿದೆ. 'ಈ ಮೇಡಂ' ಅಂದಲ್ಲಿ 'ಇಲ್ಲಿ ಕೂತಿರುವ ನಾನು' ಅಂತ ಬಿಡಿಸಿ ಹೇಳಿದೆ. ನನ್ನ ಮೇಲಿನ ದೂರನ್ನು ನಾನೇ ತಮಿಳಿನಲ್ಲಿ ಹೇಳಿ, ಅದರ ಕೆಳಗೆ ಅನುವಾದ ಸರಿಯಾಗಿದೆ ಅಂತ ಸಹಿಯನ್ನೂ ಹಾಕಿದೆ.

ನನ್ನ ಮೇಲಿನ ಅಧಿಕಾರಿ ಒಳ್ಳೆಯವರು. ನಿಮ್ಮ ಈ ಹೊಸ ವರದಿಯಲ್ಲಿ ಗುಡ್ಲು, ಎಲೆ ಅಡಿಕೆ ಎಲ್ಲಾ ಯಾಕಮ್ಮ, ಅದನ್ನು ತೆಗೆದುಬಿಡಿ, ಇಷ್ಟು ವರ್ಷದ ಸರ್ವೀಸು ಹಾಳಾಗುತ್ತೆ ಅಂದರು. ತೆಗೆಯಲಿಲ್ಲ. ಈಗ ವಿವರಣೆ ಕೇಳಿ ಕಾಗದ ಬಂದಿದೆ. ಏನಾಗುತ್ತೋ ಆಗಲಿ. ಅವನು ಜೈಲಿನಲ್ಲಿದ್ದಾನೆ, ಅಜ್ಜಿ ಆ ಮನೆಯಲ್ಲಿ ಒಬ್ಬಳೇ. ಅದೂ ನನ್ನ ಕೈಕೆಲಸವೇ. ಗೌರಿ ಇಲ್ಲಿನ ಹೋಮಿನಲ್ಲಿದ್ದಾಳೆ, ಕನ್ನಡದ ಪುಸ್ತಕಗಳನ್ನು ತರಿಸಿಕೊಟ್ಟಿದ್ದೇವೆ. ಅವಳ ಫೈಲು ನನ್ನ ಕೈಯಲ್ಲಿಲ್ಲ, ಆದರೂ ಶನಿವಾರ ಹೋಗುತ್ತೇನೆ. ಅವಳು ಬರುವುದಿಲ್ಲ ಅಂತ ವಾರ್ಡನ್ ಕೈಲಿ ಹೇಳಿ ಕಳಿಸುತ್ತಾಳೆ. ಸ್ವಲ್ಪ ಹೊತ್ತು ಕೂತು ಎದ್ದು ಬರುತ್ತೇನೆ. ಬರುವ ಶನಿವಾರವೂ ಹೋಗುತ್ತೇನೆ ಕಣವ್ವ. ನಾಳೆ ಅನ್ನುವುದನ್ನು ಬಿಟ್ಟಿದ್ದೇನೆ.

ಇನ್ನೊಂದು ಮಾತಿದೆ, ಅದನ್ನು ಹೇಳಲಿಕ್ಕೇ ಇಷ್ಟೆಲ್ಲಾ ಬರೆದೆನೋ ಏನೋ. ನಾನು ಕಾಲೇಜಿನಲ್ಲಿದ್ದಾಗ ಒಂದು ಮಧ್ಯಾಹ್ನ ಊಟಕ್ಕೆ ಕೂತು, "ಅಪ್ಪನ್ನ ಮದ್ವೆ ಆಗಾಕೆ ನಿಂಗ್ ಇಷ್ಟ ಇತ್ತೇನವ್ವ?" ಅಂತ ತಮಾಷೆಗೆ ಕೇಳಿದ್ದೆ. ಅಪ್ಪ ಎದುರಿಗೇ ಕೂತು ಮುದ್ದೆ ಮುರಿಯುತ್ತಿದ್ದ. "ಇಲ್ದೆ ಏನು" ಅಂದು ನೀನು ಅವನಿಗೆ ಸಾರು ಬಡಿಸಿದೆ. ನಾವು ನಕ್ಕೆವು. ಅಪ್ಪ ನಕ್ಕ, ನಾನು ನಕ್ಕೆ, ನೀನು ನಕ್ಕೆಯೋ ಇಲ್ಲವೋ ನೆನಪಿಲ್ಲ. ಅಪ್ಪ ಹೋದ ಮೇಲೆ ಆರು ವರ್ಷ ಆ ಮನೆಯಲ್ಲಿ ನಾನು ಬಂದಾಗಲೆಲ್ಲ ನಾವಿಬ್ಬರೇ ಇರುತ್ತಿದ್ದೆವು. ಊರಿನ ಮಕ್ಕಳನ್ನೆಲ್ಲ ಕೇಳುವುದೇ ಉದ್ಯೋಗವಾದವಳು ನಿನ್ನನ್ನು ಮಾತ್ರ ಮತ್ತೆ ಕೇಳಲಿಲ್ಲ. ಈಗ ಇಲ್ಲಿ ಯಾರೂ ಇಲ್ಲ. ಬಾಗಿಲು ಹಾಕಿದ್ದೇನೆ, ನಾನೊಬ್ಬಳೇ ಇದ್ದೇನೆ. ಹೇಳವ್ವ, ಅಪ್ಪ ತಾಳಿ ಕಟ್ಟಿದಾಗ ನಿನಗೆ ಎಷ್ಟು ವರ್ಷ?

ನಿನ್ನ
ಮಾದೇವಿ